ಹಡಗಿನ ಊಟವೂ ಬಾಯಿಮಾತಿನ ಭರವಸೆಯೂ

ಹಡಗಿನಲ್ಲಿ ವಿಹಾರ ಹೋಗುವುದು ಒಂದು ತಲೆಮಾರಿನ ಹಿಂದೆ ಮೈಸೂರಿನ ಮಧ್ಯಮ ವರ್ಗದ ಕುಟುಂಬಗಳಿಗೆ ದೂರದ ಮಾತಾಗಿತ್ತು. ಇಂದು ಹಾಗಿಲ್ಲ. ಯಾದವಗಿರಿ, ಗೋಕುಲಂ, ಜಯಲಕ್ಷ್ಮೀಪುರಂ ಬಡಾವಣೆಗಳಲ್ಲಿ ಮಕ್ಕಳು ವಿದೇಶದಲ್ಲಿ ನೆಲೆಸಿರುವ ಮನೆಗಳು ಬಹಳ. ತಂದೆತಾಯಿಗಳು ಅಮೆರಿಕಕ್ಕೆ ಹೋದಾಗ ಅಲಾಸ್ಕಾ ಅಥವಾ ಕೆರಿಬಿಯನ್ ಕಡೆಗೆ ಹಡಗಿನ ಪ್ರವಾಸ ಏರ್ಪಡಿಸುವುದು ಈಗ ವಾಡಿಕೆಯಾಗಿದೆ. ಸಿಂಗಪುರ, ದುಬೈಗಳಿಂದ ಹೊರಡುವ ನೌಕೆಗಳಿಗೆ ನಮ್ಮ ಊರಿನ ಪ್ರವಾಸ ಸಂಸ್ಥೆಗಳೇ ಟಿಕೆಟ್ ಮಾಡಿಸಿಕೊಡುತ್ತವೆ. 2021ರ ಸೆಪ್ಟೆಂಬರಿನಲ್ಲಿ ಐಆರ್‌ಸಿಟಿಸಿ ಸಹಯೋಗದೊಂದಿಗೆ ಕಾರ್ಡೀಲಿಯಾ ಸಂಸ್ಥೆಯ ನೌಕೆ ಮುಂಬಯಿಯಿಂದ ಗೋವಾ, ಲಕ್ಷದ್ವೀಪ, ಕೊಚ್ಚಿ ಮೊದಲಾದೆಡೆಗೆ ಸಂಚಾರ ಆರಂಭಿಸಿದ ಮೇಲೆ ಪಾಸ್‌ಪೋರ್ಟ್ ಇಲ್ಲದವರಿಗೂ ಈ ಅನುಭವ ಕೈಗೆಟುಕಿತು. 2024ರ ಸೆಪ್ಟೆಂಬರ್ 30ರಂದು ಕೇಂದ್ರ ಸರ್ಕಾರವು ‘ಕ್ರೂಸ್ ಭಾರತ್ ಮಿಷನ್’ ಎಂಬ ಯೋಜನೆಗೆ ಮುಂಬಯಿಯಲ್ಲಿ ಚಾಲನೆ ನೀಡಿ, 2029ರೊಳಗೆ ಹಡಗಿನ ಪ್ರವಾಸಿಗರ ಸಂಖ್ಯೆಯನ್ನು ಇಮ್ಮಡಿಗೊಳಿಸುವ ಗುರಿ ಇಟ್ಟುಕೊಂಡಿದೆ. ನಮ್ಮ ರಾಜ್ಯದ ನವ ಮಂಗಳೂರು ಬಂದರಿಗೂ ವಿದೇಶಿ ವಿಹಾರ ನೌಕೆಗಳು ಬರುತ್ತಿವೆ.

ಈ ಉದ್ಯಮದ ಬೆಳವಣಿಗೆಯ ಬಗ್ಗೆ ಮಾತನಾಡುವಾಗ ನಾವು ಬಂದರು, ತೆರಿಗೆ, ಕೊಠಡಿ ದರಗಳನ್ನು ಚರ್ಚಿಸುತ್ತೇವೆ. ಪ್ರಯಾಣಿಕರ ಜೀವಕ್ಕೆ ನೇರವಾಗಿ ಸಂಬಂಧಿಸಿದ ಒಂದು ವಿಷಯ ಮಾತ್ರ ಚರ್ಚೆಗೆ ಬರುವುದೇ ಇಲ್ಲ. ಅದು ಆಹಾರದ ಅಲರ್ಜಿ. ಕುಟುಂಬದ ಒಬ್ಬ ಸದಸ್ಯನಿಗೆ ಕಡಲೆಕಾಯಿಯೋ ಗೋಡಂಬಿಯೋ ಹಾಲೋ ಆಗಿಬರದಿದ್ದರೆ ಆ ಮಾಹಿತಿ ಮನೆಯಿಂದ ಹೊರಟು ಹಡಗಿನ ಅಡುಗೆಮನೆಯ ಒಲೆಯವರೆಗೆ ತಪ್ಪದೆ ತಲುಪಬೇಕು. ಇಂದು ಅದು ಬಾಯಿಮಾತಿನಲ್ಲಿ ಪಯಣಿಸುತ್ತಿದೆ. ಬಾಯಿಮಾತಿನ ಭರವಸೆ ರಸೀದಿಯಿಲ್ಲದ ಖರ್ಚಿನಂತೆ. ಬೇಕಾದಾಗ ಅದಕ್ಕೆ ಆಧಾರ ಸಿಗುವುದಿಲ್ಲ. ಅಲರ್ಜಿಯ ಮಾಹಿತಿಯನ್ನು ಬರವಣಿಗೆಯ ದಾಖಲೆಯಾಗಿಸುವ ಪದ್ಧತಿಯನ್ನು ನಮ್ಮ ಊರಿನ ಪ್ರವಾಸ ಸಂಸ್ಥೆಗಳೂ ಹೋಟೆಲು, ಕೇಟರಿಂಗ್ ಉದ್ಯಮಿಗಳೂ ತಾವಾಗಿಯೇ ಆರಂಭಿಸಬೇಕು ಎಂಬುದು ಈ ಲೇಖನದ ಅಭಿಪ್ರಾಯ.

ಇದು ಪರದೇಶದ ಕಾಯಿಲೆಯಲ್ಲ

‘ಅಲರ್ಜಿ ಎಲ್ಲಾ ಅಮೆರಿಕದವರಿಗೆ, ನಮ್ಮ ಮಕ್ಕಳು ಎಲ್ಲವನ್ನೂ ಜೀರ್ಣಿಸಿಕೊಳ್ಳುತ್ತಾರೆ’ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಈ ನಂಬಿಕೆಗೆ ಆಧಾರವಿಲ್ಲವೆಂದು ತೋರಿಸಿದ ಅಧ್ಯಯನ ನಡೆದದ್ದು ನಮ್ಮ ರಾಜ್ಯದಲ್ಲಿಯೇ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ. ಎ. ಮಹೇಶ್ ಅವರನ್ನೊಳಗೊಂಡ ಅಂತರರಾಷ್ಟ್ರೀಯ ತಂಡವು ಕರ್ನಾಟಕದ 20ರಿಂದ 54 ವರ್ಷ ವಯಸ್ಸಿನ 11,791 ಮಂದಿಯನ್ನು ಪ್ರಶ್ನಿಸಿ, ಅವರಲ್ಲಿ ಕೆಲವರ ರಕ್ತ ಪರೀಕ್ಷೆ ನಡೆಸಿ, 2016ರಲ್ಲಿ ಫಲಿತಾಂಶ ಪ್ರಕಟಿಸಿತು. ಅದರಂತೆ ಆಹಾರದ ಅಲರ್ಜಿ ಇರಬಹುದಾದವರ ಪ್ರಮಾಣ ಶೇಕಡ 1.2. ಹಾಲು ಮತ್ತು ಸೇಬು ಅದಕ್ಕೆ ಮುಖ್ಯ ಕಾರಣಗಳಾಗಿದ್ದವು.

ಶೇಕಡ 1.2 ಎಂಬುದು ಕಾಗದದ ಮೇಲೆ ಸಣ್ಣ ಅಂಕಿ. ಆದರೆ ಇದೇ ಪ್ರಮಾಣವನ್ನು ಅನ್ವಯಿಸಿದರೆ 2,000 ಪ್ರಯಾಣಿಕರ ಹಡಗಿನಲ್ಲಿ 24 ಮಂದಿ, ಸಾವಿರ ಜನರ ಮದುವೆ ಊಟದಲ್ಲಿ 12 ಮಂದಿ ಎಂದಾಗುತ್ತದೆ. ಹನ್ನೆರಡು ಮಂದಿಯನ್ನು ಯಾವ ಅಡುಗೆಯವರೂ ಲೆಕ್ಕಕ್ಕಿಲ್ಲವೆಂದು ಬಿಡಲಾರರು.

ಇನ್ನೊಂದು ಉದಾಹರಣೆ ಮೈಸೂರಿಗರಿಗೆ ಆಸಕ್ತಿಕರವಾದದ್ದು. ಬದನೆಕಾಯಿ ‘ನಂಜು’ ಎಂದು ಹಿರಿಯರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಯಾದವಗಿರಿಯ ನೆರೆಯಲ್ಲೇ, ಚೆಲುವಾಂಬ ವಿಲಾಸ ಅರಮನೆಯಲ್ಲಿ 1950ರಿಂದ ಇರುವ ಸಿಎಫ್‌ಟಿಆರ್‌ಐ ಸಂಸ್ಥೆಯ ವಿಜ್ಞಾನಿಗಳು ವೈದ್ಯರೊಡಗೂಡಿ ಮೈಸೂರಿನ ಜನರಲ್ಲಿ ಬದನೆಯ ಅಲರ್ಜಿಯ ಬಗ್ಗೆ ಸಮೀಕ್ಷೆ ನಡೆಸಿ 2008ರಲ್ಲಿ ಪ್ರಕಟಿಸಿದರು. ಸಂಖ್ಯೆ ಕಡಿಮೆಯಾದರೂ ಕೆಲವರಿಗೆ ನಿಜವಾದ ಅಲರ್ಜಿ ಇರುವುದು ಅದರಲ್ಲಿ ಕಂಡುಬಂತು. ಈರನಗೆರೆ ಬದನೆಯನ್ನು ಮೆಚ್ಚುವ ಊರಿನಲ್ಲಿ ಇದನ್ನು ಪತ್ತೆ ಮಾಡಿದ್ದು ವಿಶೇಷವೇ ಸರಿ. ಆದರೆ ಬದನೆಕಾಯಿ ಪ್ರಮುಖ ದೇಶಗಳ ಕಡ್ಡಾಯ ಅಲರ್ಜಿ ಪಟ್ಟಿಗಳಲ್ಲಿ ಇಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಪಟ್ಟಿಯನ್ನು ಮಾತ್ರ ನಂಬಿ ಕೂರುವಂತಿಲ್ಲ. ವ್ಯಕ್ತಿಯನ್ನು ಕೇಳಿ ತಿಳಿಯಬೇಕು.

ಮೈಮೇಲೆ ದದ್ದು ಎದ್ದರೆ ‘ಪಿತ್ತಗಂಧೆ’ ಎಂದು, ಹೊಟ್ಟೆ ಕೆಟ್ಟರೆ ‘ನೀರಿನ ಬದಲಾವಣೆ’ ಎಂದು ತೀರ್ಮಾನಿಸುವುದು ನಮ್ಮ ರೂಢಿ. ಬಹುತೇಕ ಸಂದರ್ಭಗಳಲ್ಲಿ ಅದರಿಂದ ಹಾನಿಯಾಗುವುದಿಲ್ಲ. ಆದರೆ ಅಲರ್ಜಿ ತೀವ್ರವಾದಾಗ ನಿಮಿಷಗಳಲ್ಲಿ ಗಂಟಲು ಬಿಗಿದು, ಉಸಿರು ಕಟ್ಟಿ, ರಕ್ತದೊತ್ತಡ ಕುಸಿಯಬಹುದು. ಅಂತಹ ಸ್ಥಿತಿಗೆ ಮೊದಲ ಔಷಧ ಅಡ್ರಿನಲಿನ್ ಚುಚ್ಚುಮದ್ದು. ದದ್ದಿಗೆ ನುಂಗುವ ಮಾತ್ರೆ ಅದರ ಬದಲಿಗೆ ಸಾಲದು. ನಗರದಲ್ಲಿದ್ದರೆ ಆಸ್ಪತ್ರೆ ಹತ್ತು ನಿಮಿಷದ ದಾರಿ, ನಡುಗಡಲಿನಲ್ಲಿ ಹಾಗಲ್ಲ.

ಹಡಗಿನಲ್ಲಿ ಅನುಕೂಲವೂ ಇದೆ, ಅಪಾಯವೂ ಇದೆ

ಅಲರ್ಜಿಯುಳ್ಳವರು ಹಡಗಿನ ಪ್ರವಾಸವನ್ನೇ ಕೈಬಿಡಬೇಕೆಂದು ಇದರ ಅರ್ಥವಲ್ಲ. ಒಂದು ದೃಷ್ಟಿಯಿಂದ ಹಡಗು ಬಸ್ಸಿನ ಪ್ರವಾಸಕ್ಕಿಂತ ಸುರಕ್ಷಿತ. ಬಸ್ಸಿನ ಪ್ರವಾಸದಲ್ಲಿ ಪ್ರತಿದಿನ ಹೊಸ ಹೋಟೆಲು, ಹೊಸ ಅಡುಗೆಯವರು, ಹೊಸ ಭಾಷೆ. ಹಡಗಿನಲ್ಲಿ ವಾರವಿಡೀ ಅದೇ ಅಡುಗೆಮನೆ, ಅದೇ ಸಿಬ್ಬಂದಿ. ಸ್ಥಾಪಿತ ನೌಕಾ ಸಂಸ್ಥೆಗಳು ಪ್ರಯಾಣಕ್ಕೆ ವಾರಗಳ ಮೊದಲೇ ಆಹಾರದ ವಿಶೇಷ ಅಗತ್ಯಗಳನ್ನು ಬರೆದು ತಿಳಿಸಲು ಅವಕಾಶ ನೀಡುತ್ತವೆ. ಮೇಜಿಗೆ ಬಡಿಸುವ ಭೋಜನಶಾಲೆಯಲ್ಲಿ ಮುಖ್ಯಸ್ಥರನ್ನು ಮೊದಲ ದಿನವೇ ಕಂಡು ಮಾತನಾಡಿದರೆ, ಮರುದಿನದ ಊಟವನ್ನು ಹಿಂದಿನ ರಾತ್ರಿಯೇ ಆರಿಸಿ ಪ್ರತ್ಯೇಕವಾಗಿ ತಯಾರಿಸಿಕೊಡುವ ಏರ್ಪಾಡು ಅನೇಕ ನೌಕೆಗಳಲ್ಲಿದೆ. ದೊಡ್ಡ ನೌಕೆಗಳಲ್ಲಿ ವೈದ್ಯರೂ ಚಿಕಿತ್ಸಾಲಯವೂ ಇರುತ್ತವೆ.

ಅಪಾಯ ಇರುವುದು ಈ ವ್ಯವಸ್ಥೆಯ ಹೊರಗೆ. ಮೊದಲನೆಯದು ಬಫೆ. ನೂರಾರು ಜನ ತಾವೇ ಬಡಿಸಿಕೊಳ್ಳುವಲ್ಲಿ ಒಂದು ಪಾತ್ರೆಯ ಸೌಟು ಇನ್ನೊಂದಕ್ಕೆ ಹೋಗುತ್ತದೆ. ಬೆಳಿಗ್ಗೆ ಶುದ್ಧವಾಗಿದ್ದದ್ದು ಹನ್ನೊಂದು ಗಂಟೆಗೆ ಶುದ್ಧವಾಗಿರುವುದಿಲ್ಲ. ಎರಡನೆಯದು ಬಂದರಿನಲ್ಲಿ ಇಳಿದು ಊರು ನೋಡುವ ದಿನ. ಆಗ ಕೊಡುವ ಪೊಟ್ಟಣದ ಊಟ, ದಾರಿಬದಿಯ ತಿಂಡಿ ಹಡಗಿನ ಅಡುಗೆಮನೆಯ ದಾಖಲೆಗೆ ಸೇರಿರುವುದಿಲ್ಲ. ಮೂರನೆಯದು ಹಡಗು ಹತ್ತುವ ದಿನ. ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲಿಯೇ ಒಪ್ಪಿಸಬೇಕಾಗುತ್ತದೆ. ಅವು ಕೊಠಡಿ ತಲುಪಲು ಹಲವು ಗಂಟೆ ಹಿಡಿಯುತ್ತದೆ. ಔಷಧ ಆ ಪೆಟ್ಟಿಗೆಯಲ್ಲಿದ್ದರೆ ಮೊದಲ ಮಧ್ಯಾಹ್ನದ ಊಟ ಔಷಧವಿಲ್ಲದ ಊಟವಾಗುತ್ತದೆ.

ಒಂದೇ ಕಲಮಿನಲ್ಲಿ ಎರಡು ವಿಷಯ

ನಮ್ಮ ಕುಟುಂಬಗಳಿಗೆ ವಿಶೇಷವಾದ ಇನ್ನೊಂದು ತೊಡಕಿದೆ. ಅಜ್ಜಿ, ತಂದೆತಾಯಿ, ಮೊಮ್ಮಕ್ಕಳು ಸೇರಿ ಎಂಟು ಮಂದಿ ಪ್ರವಾಸ ಹೊರಟಿದ್ದಾರೆಂದು ಇಟ್ಟುಕೊಳ್ಳೋಣ. ಅಜ್ಜಿಗೆ ಈರುಳ್ಳಿ, ಬೆಳ್ಳುಳ್ಳಿ ನಿಷಿದ್ಧ. ಎಂಟು ವರ್ಷದ ಮೊಮ್ಮಗನಿಗೆ ಗೋಡಂಬಿ ಅಲರ್ಜಿ. ಪ್ರವಾಸ ಸಂಸ್ಥೆಯ ಅರ್ಜಿಯಲ್ಲಿ ಊಟದ ಬಗ್ಗೆ ಇರುವುದು ಒಂದೇ ಕಲಂ. ಅದರಲ್ಲಿ ‘ಇಂಡಿಯನ್ ವೆಜ್, ನೋ ಆನಿಯನ್, ನೋ ಗಾರ್ಲಿಕ್’ ಎಂದು ಬರೆದು, ಹುಡುಗನ ವಿಷಯವನ್ನು ದೂರವಾಣಿಯಲ್ಲಿ ಹೇಳಲಾಗುತ್ತದೆ. ಹಡಗಿನಲ್ಲಿ ಅಜ್ಜಿಗೆ ಬೇಕಾದ ಊಟ ತಪ್ಪದೆ ಸಿಗುತ್ತದೆ. ಈರುಳ್ಳಿ ಇಲ್ಲದ ಆ ಸಾರಿಗೆ ಗಟ್ಟಿತನ ಬರಲೆಂದು ಗೋಡಂಬಿಯನ್ನು ರುಬ್ಬಿ ಸೇರಿಸಲಾಗಿರುತ್ತದೆ. ಅದನ್ನೇ ಹುಡುಗನಿಗೂ ಬಡಿಸಲಾಗುತ್ತದೆ. ಯಾರೂ ನಿರ್ಲಕ್ಷ್ಯ ಮಾಡಲಿಲ್ಲ, ಆದರೂ ಅನಾಹುತಕ್ಕೆ ದಾರಿಯಾಯಿತು.

ಆಚಾರದ ಕಾರಣದಿಂದ ಬಿಟ್ಟ ಪದಾರ್ಥ ಬೇರೆ, ದೇಹಕ್ಕೆ ಒಗ್ಗದ ಪದಾರ್ಥ ಬೇರೆ. ಮೊದಲನೆಯದಕ್ಕೂ ಗೌರವ ಸಲ್ಲಬೇಕು. ಎರಡನೆಯದು ವೈದ್ಯಕೀಯ ಸಂಗತಿ. ಇವೆರಡನ್ನೂ ಒಂದೇ ಕಲಮಿಗೆ ತುಂಬಿದರೆ ಅಡುಗೆಮನೆಯವರು ಎರಡನ್ನೂ ರುಚಿಯ ಆಯ್ಕೆ ಎಂದೇ ಭಾವಿಸುತ್ತಾರೆ.

ಸಸ್ಯಾಹಾರವೆಂದರೆ ನಿರಪಾಯವೆಂಬ ಭಾವನೆಯೂ ತಪ್ಪು. ನಮ್ಮ ಅಡುಗೆಯನ್ನೇ ನೋಡಿ. ಪೊಂಗಲ್, ಕೇಸರಿಬಾತುಗಳಲ್ಲಿ ಗೋಡಂಬಿ, ಚಿತ್ರಾನ್ನದಲ್ಲಿ ಕಡಲೆಕಾಯಿ ಬೀಜ, ಪುಳಿಯೋಗರೆಯ ಗೊಜ್ಜಿನಲ್ಲಿ ಎಳ್ಳು, ಒಗ್ಗರಣೆಯಲ್ಲಿ ಸಾಸಿವೆ. ಪೇಟೆಯಲ್ಲಿ ಸಿಗುವ ಕೂಟು ಇಂಗಿನಲ್ಲಿ ಗೋಧಿ ಅಥವಾ ಮೈದಾ ಹಿಟ್ಟು ಬೆರೆತಿರುವುದು ಸಾಮಾನ್ಯ; ಗೋಧಿ ಆಗದವರಿಗೆ ಅನ್ನ ಸಾರೂ ತೊಂದರೆ ಕೊಡಬಹುದು. ಪೂರ್ಣವಾಗಿ ಶುದ್ಧೀಕರಿಸಿದ ಕಡಲೆಕಾಯಿ ಎಣ್ಣೆಯಲ್ಲಿ ಅಲರ್ಜಿ ತರುವ ಅಂಶ ಬಹುಮಟ್ಟಿಗೆ ಉಳಿಯುವುದಿಲ್ಲ. ಈಗ ಮತ್ತೆ ಜನಪ್ರಿಯವಾಗಿರುವ ಗಾಣದ ಎಣ್ಣೆಯಲ್ಲಿ ಅದು ಉಳಿದಿರಬಹುದು. ಇವೆಲ್ಲ ಕಣ್ಣಿಗೆ ಕಾಣುವ ಪದಾರ್ಥಗಳಲ್ಲ. ಮಾಡಿದವರು ಹೇಳಿದರೆ ಮಾತ್ರ ಉಂಡವರಿಗೆ ತಿಳಿಯುತ್ತದೆ.

ಕಾನೂನು ಎಲ್ಲಿಯವರೆಗೆ

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲ್ ಮತ್ತು ಪ್ರದರ್ಶನ ನಿಯಮಗಳು ಗ್ಲುಟೆನ್ ಇರುವ ಧಾನ್ಯ, ಸಿಗಡಿ ಜಾತಿಯ ಜೀವಿ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಹಾಗೂ ಗೋಡಂಬಿ, ಬಾದಾಮಿಯಂತಹ ಬೀಜಗಳು, ಸೋಯಾ ಮತ್ತು ನಿಗದಿತ ಪ್ರಮಾಣ ಮೀರಿದ ಸಲ್ಫೈಟ್ ಇವುಗಳನ್ನು ಪೊಟ್ಟಣದ ಮೇಲೆ ಘೋಷಿಸಬೇಕೆಂದು ಹೇಳುತ್ತವೆ. ಕೇಂದ್ರ ಪರವಾನಗಿ ಪಡೆದ ಅಥವಾ 10 ಇಲ್ಲವೇ ಅದಕ್ಕಿಂತ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳು ತಿಂಡಿಪಟ್ಟಿಯಲ್ಲಿಯೇ ಅಲರ್ಜಿ ಮಾಹಿತಿ ನೀಡಬೇಕೆಂಬ ವಿಧಿ 2022ರಲ್ಲಿ ಜಾರಿಗೆ ಬಂತು. ಮೈಸೂರಿನ ಬಹುತೇಕ ಹೋಟೆಲುಗಳು ಒಂದೆರಡು ಶಾಖೆಗಳಿರುವಂಥವು; ಅವು ಈ ವಿಧಿಯ ಹೊರಗೆ ಉಳಿಯುತ್ತವೆ.

ದೇಶದಿಂದ ದೇಶಕ್ಕೆ ಪಟ್ಟಿಯೂ ಬೇರೆ. ಯುರೋಪಿನ ಒಕ್ಕೂಟದಲ್ಲಿ 14 ಪದಾರ್ಥಗಳ ಘೋಷಣೆ ಕಡ್ಡಾಯ. ಸಾಸಿವೆ, ಎಳ್ಳು ಎರಡೂ ಅದರಲ್ಲಿವೆ. ಅಮೆರಿಕವು 2023ರ ಜನವರಿ 1ರಿಂದ ಎಳ್ಳನ್ನು ಒಂಬತ್ತನೆಯದಾಗಿ ಸೇರಿಸಿತು. ನಮ್ಮ 2020ರ ಪಟ್ಟಿಯಲ್ಲಿ ಸಾಸಿವೆಯೂ ಇಲ್ಲ, ಎಳ್ಳೂ ಇಲ್ಲ. ಆದ್ದರಿಂದ ಎಳ್ಳು ಆಗದ ಮಗುವಿಗೆ ಇಲ್ಲಿಂದ ಪೊಟ್ಟಣದ ತಿಂಡಿ ಒಯ್ಯುವವರು ಅಲರ್ಜಿಯ ಸಾಲನ್ನು ಮಾತ್ರ ನೋಡದೆ ಪದಾರ್ಥಗಳ ಪೂರ್ಣ ವಿವರವನ್ನು ಓದಬೇಕು.

ಎಳ್ಳಿನ ವಿಷಯದಲ್ಲಿ ಬ್ರಿಟನ್ ಕಲಿತ ಪಾಠ ಬಹಳ ದುಬಾರಿಯಾದದ್ದು. 2016ರ ಜುಲೈನಲ್ಲಿ 15 ವರ್ಷದ ನತಾಶಾ ಎಡ್ನಾನ್ ಲಾಪರೂಸ್ ಎಂಬ ಬಾಲಕಿ ರಜೆಯ ಪ್ರವಾಸಕ್ಕೆಂದು ತಂದೆಯೊಡನೆ ಲಂಡನ್ನಿನಿಂದ ಫ್ರಾನ್ಸಿಗೆ ಹೊರಟಿದ್ದಳು. ವಿಮಾನ ನಿಲ್ದಾಣದಲ್ಲಿ ಕೊಂಡ ಸ್ಯಾಂಡ್‌ವಿಚ್ಚಿನ ಬ್ರೆಡ್ಡಿನೊಳಗೆ ಎಳ್ಳು ಬೆರೆತಿತ್ತು. ಅಂಗಡಿಯಲ್ಲಿಯೇ ಕಟ್ಟಿದ ಪೊಟ್ಟಣವಾದ್ದರಿಂದ ಪದಾರ್ಥಗಳನ್ನು ಅದರ ಮೇಲೆ ಬರೆಯುವುದು ಅಂದಿನ ನಿಯಮದಲ್ಲಿ ಕಡ್ಡಾಯವಿರಲಿಲ್ಲ. ವಿಮಾನದಲ್ಲಿ ತಂದೆ ಎರಡು ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟರೂ ಆಕೆ ಬದುಕಲಿಲ್ಲ. ಆಕೆಯ ಹೆಸರಿನಿಂದಲೇ ಕರೆಯಲ್ಪಡುವ ಲೇಬಲ್ ನಿಯಮ 2021ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. ಎಚ್ಚರಿಕೆಯ ಕುಟುಂಬ, ಕೈಯಲ್ಲಿ ಔಷಧ, ಕಾನೂನಿಗೆ ಬದ್ಧವಾದ ಅಂಗಡಿ ಎಲ್ಲವೂ ಇದ್ದವು. ಇಲ್ಲದಿದ್ದದ್ದು ಬರವಣಿಗೆಯ ಒಂದು ಸಾಲು.

ಕುಟುಂಬದ ಹೊಣೆ

ವ್ಯಾಪಾರಿಗಳ ಕರ್ತವ್ಯವನ್ನು ಹೇಳುವ ಮೊದಲು ಗ್ರಾಹಕರ ಕರ್ತವ್ಯವನ್ನೂ ಹೇಳಬೇಕು. ಸತ್ಯವನ್ನು ಮೊದಲು ಹೇಳಬೇಕಾದವರು ಅವರು. ಅಲರ್ಜಿ ತಜ್ಞರಿಂದ ನಿಖರವಾದ ಪತ್ರ ಪಡೆಯಬೇಕು. ಯಾವ ಪದಾರ್ಥ, ಎಷ್ಟು ತೀವ್ರತೆ, ಯಾವ ಔಷಧ ಎಂಬುದು ಅದರಲ್ಲಿರಬೇಕು. ನಾಲಿಗೆಗೆ ಬೇಡವಾದದ್ದನ್ನೆಲ್ಲ ಅಲರ್ಜಿ ಎಂದು ಹೇಳುವ ಅಭ್ಯಾಸವನ್ನು ಬಿಡಬೇಕು. ಅದರಿಂದ ನಿಜವಾದ ರೋಗಿಯ ಮಾತಿನ ತೂಕ ಕಡಿಮೆಯಾಗುತ್ತದೆ. ವಿದೇಶಗಳಲ್ಲಿ ಬಳಕೆಯಲ್ಲಿರುವ ಸ್ವಯಂಚಾಲಿತ ಅಡ್ರಿನಲಿನ್ ಚುಚ್ಚುಮದ್ದಿನ ಪೆನ್ನು ನಮ್ಮ ಔಷಧ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ವಸ್ತುವಲ್ಲ. ಆದ್ದರಿಂದ ಏನನ್ನು ಒಯ್ಯಬೇಕು, ಹೇಗೆ ಬಳಸಬೇಕು ಎಂಬುದನ್ನು ಹೊರಡುವ ಮುನ್ನ ವೈದ್ಯರಲ್ಲಿ ಕೇಳಿ ಕಲಿತಿರಬೇಕು. ಸಿರಿಂಜು ಒಯ್ಯುವುದಾದರೆ ವೈದ್ಯರ ಪತ್ರದ ಪ್ರತಿಯೂ ಜೊತೆಗಿರಬೇಕು. ಔಷಧ ಯಾವಾಗಲೂ ಕೈಚೀಲದಲ್ಲಿರಬೇಕು.

ವಿಮೆಯ ಬಗ್ಗೆ ಒಂದು ಮಾತು. ವಿಮೆಯ ಕರಾರು ಪರಸ್ಪರ ಪೂರ್ಣ ವಿಶ್ವಾಸದ ಮೇಲೆ ನಿಂತದ್ದು. ವಿದೇಶ ಪ್ರವಾಸದ ಪಾಲಿಸಿಗಳಲ್ಲಿ ಮೊದಲೇ ಇದ್ದ ಕಾಯಿಲೆಗಳಿಗೆ ಹಲವು ಮಿತಿಗಳಿರುತ್ತವೆ. ಪ್ರಶ್ನಾವಳಿಯಲ್ಲಿ ಅಲರ್ಜಿಯನ್ನು ಮರೆಮಾಚಿದರೆ ಕಂತಿನಲ್ಲಿ ಉಳಿಯುವುದು ಅಲ್ಪ, ಪರಿಹಾರದಲ್ಲಿ ಕಳೆಯುವುದು ಅಧಿಕ. ಹಡಗಿನ ಚಿಕಿತ್ಸಾಲಯದ ವೆಚ್ಚ ಸಾಮಾನ್ಯವಾಗಿ ಡಾಲರುಗಳಲ್ಲಿ ಕೊಠಡಿಯ ಲೆಕ್ಕಕ್ಕೆ ಸೇರುತ್ತದೆ. ಆ ಬಿಲ್ಲು, ವೈದ್ಯರ ವರದಿ ಎರಡನ್ನೂ ಇಳಿಯುವ ಮೊದಲೇ ಪಡೆದಿಟ್ಟುಕೊಳ್ಳಬೇಕು.

ವ್ಯಾಪಾರಿಗಳ ಆಕ್ಷೇಪ ಮತ್ತು ಉತ್ತರ

‘ನಮ್ಮದು ಸಣ್ಣ ಅಡುಗೆಮನೆ. ಒಂದೇ ಒಲೆ, ಒಂದೇ ರುಬ್ಬುವ ಕಲ್ಲು. ಅಲರ್ಜಿಗೆ ನಾವು ಹೇಗೆ ಖಾತರಿ ಕೊಡುವುದು? ಬರೆದುಕೊಟ್ಟರೆ ನಾಳೆ ಅದೇ ನಮ್ಮ ಮೇಲಿನ ಸಾಕ್ಷ್ಯವಾಗುವುದಿಲ್ಲವೇ?’ ಎಂಬುದು ಉದ್ಯಮಿಗಳಿಂದ ಬರಬಹುದಾದ ಪ್ರಶ್ನೆ. ಇದು ನ್ಯಾಯವಾದ ಪ್ರಶ್ನೆಯೇ.

ಇಲ್ಲಿ ಯಾರೂ ಖಾತರಿ ಕೇಳುತ್ತಿಲ್ಲ. ಲೆಕ್ಕ ಪರಿಶೋಧಕರು ಕೂಡ ಯಾವ ಸಂಸ್ಥೆಯ ಲೆಕ್ಕಕ್ಕೂ ಖಾತರಿ ಬರೆಯುವುದಿಲ್ಲ. ತಾವು ನೋಡಿದ್ದೇನು, ನೋಡಲಾಗದ್ದೇನು ಎಂಬುದನ್ನು ಹೇಳಿ, ಅಗತ್ಯವಿದ್ದಲ್ಲಿ ಷರಾ ಸೇರಿಸಿ ಸಹಿ ಮಾಡುತ್ತಾರೆ. ಷರಾ ಇದ್ದ ಮಾತ್ರಕ್ಕೆ ವರದಿಯ ಬೆಲೆ ಕಡಿಮೆಯಾಗುವುದಿಲ್ಲ. ಓದುವವನು ತನ್ನ ನಿರ್ಧಾರ ಮಾಡಲು ಅದೇ ನೆರವಾಗುತ್ತದೆ. ಅಡುಗೆಮನೆಯೂ ಹಾಗೆಯೇ ಹೇಳಬಹುದು: ‘ಈ ಪದಾರ್ಥದಲ್ಲಿ ಕಡಲೆಕಾಯಿ ಹಾಕುವುದಿಲ್ಲ. ಆದರೆ ಅದೇ ಬಾಣಲೆಯಲ್ಲಿ ಕಡಲೆಕಾಯಿ ಹುರಿಯುತ್ತೇವೆ.’ ಇಷ್ಟು ತಿಳಿದರೆ ತಾಯಿ ಮಗುವಿಗೆ ಅದನ್ನು ಕೊಡಬೇಕೇ ಬೇಡವೇ ಎಂದು ನಿರ್ಧರಿಸಬಲ್ಲಳು. ‘ನಮ್ಮಿಂದ ಆಗುವುದಿಲ್ಲ’ ಎಂಬ ಪ್ರಾಮಾಣಿಕ ಉತ್ತರ ‘ಏನೂ ಆಗುವುದಿಲ್ಲ ಬಿಡಿ’ ಎಂಬ ಉತ್ತರಕ್ಕಿಂತ ನೂರು ಪಾಲು ಮೇಲು.

ಸಾಕ್ಷ್ಯದ ಭಯಕ್ಕೂ ಉತ್ತರವಿದೆ. 2019ರ ಗ್ರಾಹಕರ ರಕ್ಷಣಾ ಕಾಯಿದೆಯಂತೆ ದೂರುದಾರನು ತಾನು ವಾಸಿಸುವ ಊರಿನ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಹಡಗು ಮೆಡಿಟರೇನಿಯನ್ ಸಮುದ್ರದಲ್ಲಿದ್ದರೂ ಟಿಕೆಟ್ ಮಾಡಿಸಿಕೊಟ್ಟ ಸಂಸ್ಥೆ ಮೈಸೂರಿನಲ್ಲಿ ಉತ್ತರಿಸಬೇಕಾಗಿ ಬರಬಹುದು. ಗ್ರಾಹಕನು ತಿಳಿಸಿದ್ದನ್ನು ಇಂತಹ ದಿನ ನೌಕಾ ಸಂಸ್ಥೆಗೆ ರವಾನಿಸಿದೆವು, ಇಂತಹ ಉತ್ತರ ಬಂತು ಎಂದು ತೋರಿಸುವ ಕಾಗದ ಅಂತಹ ದಿನ ವ್ಯಾಪಾರಿಯನ್ನೇ ಕಾಪಾಡುತ್ತದೆ. ದಾಖಲೆ ಇಲ್ಲದವನಿಗೆ ಬಾಯಿಮಾತು ಆಗ ನೆರವಾಗದು.

ಕೆಲವು ಸಲಹೆಗಳು

1. ಪ್ರವಾಸ ಸಂಸ್ಥೆಗಳು ತಮ್ಮ ಅರ್ಜಿಯಲ್ಲಿ ಊಟದ ಆಯ್ಕೆ ಮತ್ತು ವೈದ್ಯಕೀಯ ಅಲರ್ಜಿ ಎಂಬ ಎರಡು ಪ್ರತ್ಯೇಕ ಕಲಮುಗಳನ್ನಿಡಲಿ. ಅದೂ ಪ್ರತಿ ಪ್ರಯಾಣಿಕನ ಹೆಸರಿನ ಮುಂದೆ. ‘ಇಲ್ಲ’ ಎಂದಾದರೂ ಬರೆಯದೆ ಕಲಂ ಖಾಲಿ ಬಿಡುವಂತಿರಬಾರದು.

2. ಅಲರ್ಜಿಯ ವಿವರವನ್ನು ನೌಕಾ ಸಂಸ್ಥೆಗೆ ಲಿಖಿತವಾಗಿ ಕಳುಹಿಸಿ, ಬಂದ ಉತ್ತರದ ಪ್ರತಿಯನ್ನು ಟಿಕೆಟ್ಟಿನ ಜೊತೆಗೇ ಗ್ರಾಹಕನಿಗೆ ಕೊಡಲಿ. ಬಂದರಿನ ಪ್ರವಾಸ ಏರ್ಪಡಿಸುವ ಸ್ಥಳೀಯ ಸಂಸ್ಥೆಗೂ ಅದೇ ವಿವರ ಹೋಗಲಿ.

3. ಹೋಟೆಲು ಮತ್ತು ಕೇಟರಿಂಗ್ ಉದ್ಯಮಿಗಳು ತಮ್ಮ ಪ್ರತಿ ತಿನಿಸಿಗೂ ಒಂದು ಪದಾರ್ಥ ಪಟ್ಟಿಯನ್ನು ಅಡುಗೆಮನೆಯಲ್ಲಿ ಇಡಲಿ. ಎಳ್ಳು, ಸಾಸಿವೆ, ಇಂಗು, ಎಣ್ಣೆಯ ವಿವರವೂ ಅದರಲ್ಲಿರಲಿ. ವೆಚ್ಚದ ಲೆಕ್ಕಕ್ಕಾಗಿ ಅನೇಕರು ಈಗಾಗಲೇ ಇಂತಹ ಪಟ್ಟಿ ಇಟ್ಟಿರುತ್ತಾರೆ. ಅದನ್ನೇ ವಿಸ್ತರಿಸಿದರೆ ಸಾಕು.

4. ಪ್ರತಿ ಪಾಳಿಯಲ್ಲಿ ಅಲರ್ಜಿಯ ಪ್ರಶ್ನೆಗೆ ಉತ್ತರಿಸುವ ಹೊಣೆ ಒಬ್ಬ ನಿರ್ದಿಷ್ಟ ವ್ಯಕ್ತಿಯದಾಗಿರಲಿ. ಬಡಿಸುವ ಹುಡುಗ ಊಹೆಯಿಂದ ಉತ್ತರ ಹೇಳುವಂತಾಗಬಾರದು.

5. ನಮ್ಮ ವಾಣಿಜ್ಯ ಸಂಸ್ಥೆಯು ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಹಾಗೂ ನಗರದ ಅಲರ್ಜಿ ತಜ್ಞರನ್ನು ಆಹ್ವಾನಿಸಿ ಸದಸ್ಯರಿಗೆ ಅರ್ಧ ದಿನದ ಕಾರ್ಯಾಗಾರ ಏರ್ಪಡಿಸಲಿ. ಕನ್ನಡ ಮತ್ತು ಇಂಗ್ಲಿಷಿನಲ್ಲಿ ಒಂದು ಮಾದರಿ ಅಲರ್ಜಿ ಪತ್ರವನ್ನೂ ಸಿದ್ಧಪಡಿಸಲಿ.

ಈ ಐದರಲ್ಲಿ ಯಾವುದಕ್ಕೂ ದೊಡ್ಡ ಬಂಡವಾಳ ಬೇಕಿಲ್ಲ. ಮುದ್ರಿತ ಅರ್ಜಿಯಲ್ಲಿ ಒಂದು ಹೆಚ್ಚಿನ ಕಲಂ, ಅಡುಗೆಮನೆಯಲ್ಲಿ ಒಂದು ಪುಸ್ತಕ, ಒಬ್ಬರ ಹೆಗಲಿಗೆ ಒಂದು ಹೊಣೆ ಇಷ್ಟೇ. ಲಾಭದ ದೃಷ್ಟಿಯಿಂದ ನೋಡಿದರೂ ಲೆಕ್ಕ ಸರಿಹೊಂದುತ್ತದೆ. ಅಲರ್ಜಿಯುಳ್ಳ ಒಂದು ಮಗುವಿಗೆ ಎಲ್ಲಿ ನಿಶ್ಚಿಂತೆಯಿಂದ ಊಟ ಸಿಗುತ್ತದೆಯೋ ಅಲ್ಲಿಗೆ ಎಂಟು ಮಂದಿಯ ಇಡೀ ಕುಟುಂಬವೇ ಹೋಗುತ್ತದೆ, ಪ್ರತಿವರ್ಷವೂ ಹೋಗುತ್ತದೆ.

ಅತಿಥಿ ಸತ್ಕಾರಕ್ಕೆ ಮೈಸೂರು ಹೆಸರಾದ ಊರು. ‘ಇನ್ನೊಂದು ಸ್ವಲ್ಪ ಬಡಿಸಿಕೊಳ್ಳಿ’ ಎಂದು ಒತ್ತಾಯ ಮಾಡುವುದು ನಮ್ಮ ಉಪಚಾರದ ಕ್ರಮ. ಆ ಒತ್ತಾಯಕ್ಕೆ ಮುನ್ನ ‘ನಿಮಗೆ ಯಾವುದಾದರೂ ಆಗಿಬರುವುದಿಲ್ಲವೇ?’ ಎಂದು ಕೇಳಿ ಬರೆದುಕೊಳ್ಳುವ ಪದ್ಧತಿಯೂ ನಮ್ಮ ಉಪಚಾರದ ಭಾಗವಾಗಲಿ. ಸಂಸ್ಥೆಯ ಸದಸ್ಯರು ಮುಂದಿನ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳುವರೆಂದು ಆಶಿಸುತ್ತೇನೆ.